ಒಂದೇ ಸ್ಟೇಷನ್ ಎರಡು ಕಡೆ ಕೇಳೋದು ಯಾಕೆ?

ಜೇಬಿನಲ್ಲಿ ಹಿಡಿಯೋ ಶಾರ್ಟ್‌ವೇವ್ ರೇಡಿಯೊದಲ್ಲಿ ರಾತ್ರಿ ಒಂದೇ ಸ್ಟೇಷನ್ ಡಯಲ್ ಮೇಲೆ ಎರಡು ಕಡೆ ಬರುತ್ತೆ, ಹಗಲು ಬರೀ ಗೊರಗೊರ, ಸೆಟ್ ಕೆಟ್ಟಿದೆಯಾ ಅಂತ ಕೇಳಿದ್ದೀರಿ. ಕೆಟ್ಟಿಲ್ಲ, ಅದರ ಯೋಗ್ಯತೆಯೇ ಅಷ್ಟು.

ಅಗ್ಗದ ಅನಲಾಗ್ ಸೆಟ್‌ಗಳಲ್ಲಿ ಐಎಫ್, ಅಂದರೆ ಬಂದ ಸಿಗ್ನಲ್ಲನ್ನು ಸೆಟ್ ಒಳಗೆ ಬದಲಾಯಿಸಿಕೊಳ್ಳೋ ಮಧ್ಯಂತರ ಫ್ರೀಕ್ವೆನ್ಸಿ, ಸಾಮಾನ್ಯವಾಗಿ 455 ಕಿಲೋಹರ್ಟ್ಜ್. ಬೇಡದ ಸಿಗ್ನಲ್ ತಡೆಯಬೇಕಾದ ಮುಂಭಾಗದ ಸರ್ಕ್ಯೂಟ್ ತೀರಾ ಸಡಿಲ. ಹಾಗಾಗಿ ಜೋರಾದ ಸ್ಟೇಷನ್ ತನ್ನ ಜಾಗದಿಂದ 455ರ ಎರಡರಷ್ಟು, ಅಂದರೆ 910 ಕಿಲೋಹರ್ಟ್ಜ್ ಕೆಳಗೂ ಇಣುಕುತ್ತೆ. 9700ರಲ್ಲಿರೋದು 8790ರ ಹತ್ತಿರವೂ ಕೇಳುತ್ತೆ. ಮೇಲಿನದೇ ಅಸಲಿ. ಏರಿಯಲ್ಲನ್ನು ಅರ್ಧ ಮಡಚಿ ನೋಡಿ, ಎಷ್ಟೋ ಸಲ ನಕಲಿ ಮಾಯವಾಗಿ ಅಸಲಿ ಮಾತ್ರ ಉಳಿಯುತ್ತೆ.

ಹಗಲಿನ ಗದ್ದಲಕ್ಕೆ ಮೊದಲ ಅನುಮಾನ ಮೊಬೈಲ್ ಚಾರ್ಜರ್, ಎಲ್‌ಇಡಿ ಬಲ್ಬುಗಳ ಮೇಲೆ. ಒಂದೊಂದಾಗಿ ಆಫ್ ಮಾಡುತ್ತಾ ಬನ್ನಿ. ಅಡಾಪ್ಟರ್ ಬಿಟ್ಟು ಸೆಲ್‌ನಲ್ಲೇ ಓಡಿಸಿ, ಕಿಟಕಿ ಪಕ್ಕ ಇಡಿ. ಹಗಲು 19, 16 ಮೀಟರ್ ಬ್ಯಾಂಡ್ (ಅಲೆಯ ಉದ್ದದಿಂದ ಹೆಸರಿಸಿದ ಫ್ರೀಕ್ವೆನ್ಸಿ ಪಟ್ಟಿಗಳು) ಹುಡುಕಿ. 49, 41 ಮೀಟರ್ ಕತ್ತಲಾದ ಮೇಲಿನ ವ್ಯವಹಾರ.

ಆಗಲೂ ಸಾಲದಿದ್ದರೆ 5 ಮೀಟರ್ ಪ್ಲಾಸ್ಟಿಕ್ ಹೊದಿಕೆಯ ತಂತಿ ತಗೊಂಡು, ತುದಿ ಹೆರೆದು, ಕ್ಲಿಪ್‌ನಿಂದ ಏರಿಯಲ್‌ಗೆ ಕಚ್ಚಿಸಿ. 20 ಮೀಟರ್ ಎಳೆಯೋ ಆಸೆ ಬೇಡ: ಇಂಥ ಸೆಟ್ ಉಸಿರು ಕಟ್ಟಿ ಸ್ಟೇಷನ್‌ಗಳನ್ನೆಲ್ಲ ಕಲಸಿ ಹಾಕುತ್ತೆ. ಗುಡುಗಿದರೆ ತಂತಿ ಮೊದಲು ಬಿಚ್ಚಿ.