ಲೇಪನ ಹಾಕಿಸುವ ಮುನ್ನ ಡೈಯನ್ನು ನೋಡಿದಿರಾ?

ವಾಹನದ ಭಾಗಗಳನ್ನು ಲೋಹದ ಶೀಟಿನಿಂದ ಒತ್ತಿ ರೂಪಿಸುವ ಡೈಗಳ, ಅಂದರೆ ಅಚ್ಚುಗಳ, ಬಗ್ಗೆ ಬಂದ ಪ್ರಶ್ನೆಗಳಲ್ಲಿ ಐದನ್ನು ಇಲ್ಲಿ ಆರಿಸಿಕೊಂಡಿದ್ದೇನೆ. ಬಂದವುಗಳಲ್ಲಿ ಹೆಚ್ಚಿನವು ಒಂದೇ ದೂರಿನ ಬೇರೆ ಬೇರೆ ರೂಪಗಳು: ಸವೆತ ಮತ್ತು ಅಂಟುವಿಕೆ ತಡೆಯಲು ಡೈಗೆ ಗಡಸು ಲೇಪನ ಹಾಕಿಸಿದೆವು, ನಿಲ್ಲಲಿಲ್ಲ.

ಪ್ರಶ್ನೆ: 980 ಮೆಗಾಪ್ಯಾಸ್ಕಲ್ ದರ್ಜೆಯ ಉಕ್ಕಿನ ಶೀಟಿನಿಂದ ಬಾಡಿಯ ಬಲವರ್ಧಕ ಭಾಗವೊಂದನ್ನು ಒತ್ತುತ್ತೇವೆ. ಡೈಯ ರೇಡಿಯಸ್ (ದುಂಡಗಿನ ಅಂಚು) ಮೇಲೆ ಶೀಟಿನ ಲೋಹ ಅಂಟಿಕೊಂಡು ಪ್ರತಿ ಪಾಳಿಯಲ್ಲೂ ಪ್ರೆಸ್ ನಿಲ್ಲಿಸಿ ಉಜ್ಜಬೇಕಾಗಿದೆ. ಇನ್ಸರ್ಟುಗಳು, ಅಂದರೆ ಡೈಯಲ್ಲಿ ಕೂರಿಸುವ ಬಿಡಿ ತುಂಡುಗಳು, ಡಿ2 ಎಂಬ ಟೂಲ್ ಉಕ್ಕಿನವು. ಒಬ್ಬ ಸರಬರಾಜುದಾರರು ಪಿವಿಡಿ (ನಿರ್ವಾತದಲ್ಲಿ ಆವಿಯಿಂದ ಕೂರಿಸುವ ತೆಳು ಲೇಪನ) ಎನ್ನುತ್ತಾರೆ, ಇನ್ನೊಬ್ಬರು ಟಿಡಿ (ಕರಗಿದ ಲವಣದಲ್ಲಿ ಬೆಳೆಸುವ ಲೇಪನ) ಎನ್ನುತ್ತಾರೆ. ಯಾವುದನ್ನು ಆರಿಸಬೇಕು?

ಉತ್ತರ: ನಿಮ್ಮ ಇನ್ಸರ್ಟನ್ನು ಯಾವ ಉಷ್ಣತೆಯಲ್ಲಿ ಟೆಂಪರ್ ಮಾಡಲಾಗಿದೆ (ಗಡಸಾಗಿಸಿದ ಮೇಲೆ ಮತ್ತೆ ಕಾಯಿಸಿ ಹದಗೊಳಿಸಲಾಗಿದೆ) ಎಂದು ಇಬ್ಬರಲ್ಲಿ ಒಬ್ಬರಾದರೂ ಕೇಳಿದರೇ? ಕೇಳದೆ ದರ ಕೊಟ್ಟವರ ಕಾಗದವನ್ನು ಸದ್ಯಕ್ಕೆ ಬದಿಗಿಡಿ.

ಡಿ2 ಉಕ್ಕನ್ನು ಟೆಂಪರ್ ಮಾಡುವ ರೂಢಿ ಎರಡು ಬಗೆಯದು. ಸುಮಾರು 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮಾಡಿದರೆ 60ರಿಂದ 62 ಎಚ್‌ಆರ್‌ಸಿ (ರಾಕ್‌ವೆಲ್ ಸಿ ಮಾನ) ಗಡಸುತನ ಸಿಗುತ್ತದೆ. 500 ಡಿಗ್ರಿ ದಾಟಿಸಿ ಎರಡು ಮೂರು ಬಾರಿ ಮಾಡಿದರೆ 58ರಿಂದ 60. ಅಂಕಿ ಮಾತ್ರ ನೋಡುವವರಿಗೆ ಮೊದಲನೆಯದೇ ಚೆನ್ನಾಗಿ ಕಾಣುತ್ತದೆ. ಆದರೆ ಪಿವಿಡಿ ಚೇಂಬರಿನೊಳಗೆ ಸಾಮಾನ್ಯವಾಗಿ 400ರಿಂದ 500 ಡಿಗ್ರಿ ಕಾವಿರುತ್ತದೆ. 200 ಡಿಗ್ರಿಯಲ್ಲಿ ಟೆಂಪರ್ ಆದ ಇನ್ಸರ್ಟ್ ಅಲ್ಲಿ ಗಂಟೆಗಟ್ಟಲೆ ಕುಳಿತರೆ ಮತ್ತೊಮ್ಮೆ ಟೆಂಪರ್ ಆಗುತ್ತದೆ. ಗಡಸುತನ ಇಳಿಯುತ್ತದೆ, ಅಳತೆಯೂ ಅಲ್ಲಾಡುತ್ತದೆ. ಆಗ ಮೇಲೆ 2,300 ವಿಕರ್ಸ್ (ಗಡಸುತನದ ಇನ್ನೊಂದು ಮಾನ) ಆಸುಪಾಸಿನ ಟೈಟಾನಿಯಂ ನೈಟ್ರೈಡ್ ಲೇಪನ, ಕೆಳಗೆ ಮೆತ್ತಗಾದ ಉಕ್ಕು. ಹಾಸಿಗೆಯ ಮೇಲೆ ಗಾಜು ಹಾಸಿ ಅದರ ಮೇಲೆ ನಡೆದಂತೆ. 980ರ ಶೀಟಿನ ಒತ್ತಡಕ್ಕೆ ಕೆಳಗಿನದು ತಗ್ಗುತ್ತದೆ, ಮೇಲಿನದು ಒಡೆಯುತ್ತದೆ. ಹಾಗಾಗಿ ಪಿವಿಡಿ ಬೇಕಿದ್ದರೆ ಇನ್ಸರ್ಟ್ ಹೆಚ್ಚಿನ ಉಷ್ಣತೆಯಲ್ಲಿ ಟೆಂಪರ್ ಆಗಿರಲೇಬೇಕು, ಮತ್ತು ಆ ಉಷ್ಣತೆ ಲೇಪನದ ಉಷ್ಣತೆಗಿಂತ ಮೇಲಿರಬೇಕು.

ಟಿಡಿಯ ಲೆಕ್ಕವೇ ಬೇರೆ. ಟೊಯೊಟಾದ ಕೇಂದ್ರ ಸಂಶೋಧನಾ ಪ್ರಯೋಗಾಲಯದಲ್ಲಿ ರೂಪುಗೊಂಡ ಈ ವಿಧಾನದಲ್ಲಿ ಇನ್ಸರ್ಟನ್ನು ಕರಗಿದ ಬೊರಾಕ್ಸ್ ಲವಣದಲ್ಲಿ ಸುಮಾರು 850ರಿಂದ 1,050 ಡಿಗ್ರಿಯಲ್ಲಿ ಗಂಟೆಗಳ ಕಾಲ ಮುಳುಗಿಸುತ್ತಾರೆ. ಲವಣದಲ್ಲಿರುವ ವೆನೆಡಿಯಂ ಉಕ್ಕಿನೊಳಗಿನ ಇಂಗಾಲವನ್ನೇ ಸೆಳೆದುಕೊಂಡು ವೆನೆಡಿಯಂ ಕಾರ್ಬೈಡ್ ಆಗಿ ಮೇಲ್ಮೈಯಲ್ಲಿ ಬೆಳೆಯುತ್ತದೆ. ಹೊರಗಿನಿಂದ ತಂದು ಅಂಟಿಸಿದ ಪದರವಲ್ಲವಾದ್ದರಿಂದ ಹಿಡಿತ ಬಲು ಗಟ್ಟಿ. ಗಡಸುತನ 3,000 ವಿಕರ್ಸ್ ಮೀರುತ್ತದೆ. ಗಡಸು ಶೀಟಿಗೂ ತೀವ್ರವಾದ ಅಂಟುವಿಕೆಗೂ ಇದಕ್ಕೆ ಸಾಟಿಯಾಗುವ ವಿಧಾನಗಳು ಕಡಿಮೆ. ಆದರೆ ಆ ಕಾವಿನಿಂದ ಹೊರಬಂದ ಇನ್ಸರ್ಟನ್ನು ಮತ್ತೆ ತಣಿಸಿ ಟೆಂಪರ್ ಮಾಡಬೇಕು, ಅಂದರೆ ಆಕಾರ ತಿರುಚಿಕೊಳ್ಳುವ ಅಪಾಯವಿದೆ. ಉದ್ದನೆಯ, ತೆಳುವಾದ, ಅಸಮ ಅಡ್ಡಕೊಯ್ತದ ಇನ್ಸರ್ಟುಗಳನ್ನು ಅಲ್ಲಿಗೆ ಕಳಿಸುವ ಮುನ್ನ ಎರಡು ಬಾರಿ ಯೋಚಿಸಿ. ಗಿಡ್ಡ, ದಪ್ಪ ಇನ್ಸರ್ಟಾಗಿದ್ದು ಒಂದಿಷ್ಟು ಮೈಕ್ರಾನ್ ಅತ್ತಿತ್ತಾದರೂ ನಡೆಯುತ್ತದೆ ಎಂದರೆ ನಾನು ಟಿಡಿಯ ಕಡೆ. ಅಳತೆ ಬಿಗಿಯಾಗಿದ್ದರೆ, ಮೊದಲು ಪ್ಲಾಸ್ಮಾ ನೈಟ್ರೈಡಿಂಗ್ (ಮೇಲ್ಮೈಗೆ ಸಾರಜನಕ ಹಾಯಿಸಿ ಗಡಸಾಗಿಸುವುದು) ಮಾಡಿ, ಅದರಿಂದ ಹೊರಮೈಯಲ್ಲಿ ಮೂಡುವ ಪೆಡಸಾದ ಬಿಳಿ ಪದರ ಉಳಿಯದಂತೆ ನೋಡಿಕೊಂಡು, ಮೇಲೆ ಪಿವಿಡಿ.

ಇದೆಲ್ಲದಕ್ಕೂ ಮೊದಲು ಇನ್ನೊಂದು ಕೆಲಸವಿದೆ. ಅಂಟಿಕೊಳ್ಳುವುದು ರೇಡಿಯಸ್ಸಿನ ಉದ್ದಕ್ಕೂ ಇದೆಯೋ ಅಥವಾ ಒಂದೇ ಮೂಲೆಯಲ್ಲೋ? ಡೈಗೆ ನೀಲಿ (ಎಲ್ಲಿ ತಾಗುತ್ತದೆ ಎಂದು ತೋರಿಸುವ ಬಣ್ಣ) ಬಳಿದು ಒತ್ತಿ ನೋಡಿ. ಒಂದೇ ಜಾಗದಲ್ಲಿ ನೀಲಿ ಪೂರ್ತಿ ಒರಸಿಹೋಗಿ ಪಕ್ಕದಲ್ಲಿ ಹಾಗೇ ಉಳಿದಿದ್ದರೆ ಅಲ್ಲಿ ಶೀಟ್ ದಪ್ಪಗಾಗಿ ಹಿಂಡಿಸಿಕೊಳ್ಳುತ್ತಿದೆ, ಇಲ್ಲವೇ ಡೈಗೂ ಅದರೊಳಗೆ ಶೀಟನ್ನು ತಳ್ಳುವ ಪಂಚ್‌ಗೂ ನಡುವಿನ ತೆರಪು ಸಾಲದು. ಇದು ಡೈಯ ಜೋಡಣೆಯ ದೋಷ. ಯಾವ ಲೇಪನವೂ ಅದನ್ನು ಸರಿಪಡಿಸುವುದಿಲ್ಲ. ದೋಷ ಕಾಣಿಸಿಕೊಳ್ಳುವುದನ್ನು ಕೆಲವು ವಾರ ಮುಂದೂಡುತ್ತದೆ, ಅಷ್ಟೆ.

ಪ್ರಶ್ನೆ: ಲೇಪನ ಮಾಡಿಸಿದ ಪಂಚ್ ಕೆಲವೇ ಸಾವಿರ ಹೊಡೆತಗಳಲ್ಲಿ ಸಿಪ್ಪೆ ಎದ್ದಿತು. ಲೇಪನದವರು ಉಕ್ಕು ಸರಿಯಿಲ್ಲ ಎನ್ನುತ್ತಾರೆ, ನಾವು ಲೇಪನ ಸರಿಯಿಲ್ಲ ಎನ್ನುತ್ತೇವೆ. ತೀರ್ಮಾನ ಹೇಗೆ?

ಉತ್ತರ: ಎದ್ದ ಜಾಗವನ್ನೇ ಸಾಕ್ಷಿಗೆ ಕರೆಯಿರಿ. ಪಂಚನ್ನು ಒರಸಿ, ಪಾಲಿಶ್ ಮಾಡಿ ಹಾಳುಮಾಡುವ ಮೊದಲು ಭೂತಗನ್ನಡಿಯಲ್ಲಿ ನೋಡಿ, ಚಿತ್ರ ತೆಗೆದಿಡಿ.

ಚೂಪಾದ ಅಂಚಿನಲ್ಲಿ ಮಾತ್ರ ಎದ್ದಿದ್ದರೆ ಅಂಚಿನ ಬರ್ (ಯಂತ್ರಗೆಲಸದಲ್ಲಿ ಉಳಿದ ಲೋಹದ ಸಿಬಿರು) ತೆಗೆಯದೆಯೇ ಲೇಪನಕ್ಕೆ ಕಳಿಸಿರುವ ಸಾಧ್ಯತೆ ಹೆಚ್ಚು. ಬರ್ ಮೇಲೆಯೂ ಲೇಪನ ಕೂರುತ್ತದೆ. ಮೊದಲ ಹೊಡೆತಗಳಲ್ಲೇ ಬರ್ ಮುರಿದು ಪಕ್ಕದ ಲೇಪನವನ್ನೂ ಎಳೆದುಕೊಂಡು ಹೋಗುತ್ತದೆ. ಇದು ನಿಮ್ಮ ಟೂಲ್ ರೂಮಿನ ಲೆಕ್ಕ. ಅಗಲವಾದ ತೇಪೆಗಳಾಗಿ ಎದ್ದು, ಕೆಳಗಿನ ಉಕ್ಕು ನಯವಾಗಿ, ತಗ್ಗಿಲ್ಲದೆ ಇದ್ದರೆ ಸಂಶಯ ಸ್ವಚ್ಛತೆಯ ಮೇಲೆ: ತುಕ್ಕು ನಿರೋಧಕ ಎಣ್ಣೆ, ಸಿಲಿಕೋನ್ ಬೆರೆತ ಪಾಲಿಶ್, ಅಥವಾ ಬಿರುಕು ಪತ್ತೆಗೆ ಬಳಿದ ಪೆನಿಟ್ರಂಟ್ ದ್ರವದ ಉಳಿಕೆ. ಸ್ಕ್ರೂ ರಂಧ್ರದಲ್ಲಿ ಅಡಗಿದ್ದ ಎಣ್ಣೆ ನಿರ್ವಾತದಲ್ಲಿ ಕಾದಾಗ ಆವಿಯಾಗಿ ಹೊರಬಂದು ಸುತ್ತಲಿನ ಮೇಲ್ಮೈಯನ್ನು ಕೆಡಿಸುವುದೂ ಉಂಟು. ಇಲ್ಲಿ ಇಬ್ಬರಿಗೂ ಪಾಲಿದೆ, ಹೆಚ್ಚಿನದು ಲೇಪನದವರದು. ಕೊನೆಯ ಬಾರಿ ತೊಳೆದು ಒಳಗಿಟ್ಟವರು ಅವರೇ. ಎದ್ದ ಜಾಗದ ಕೆಳಗೆ ಉಕ್ಕೇ ಕುಳಿ ಬಿದ್ದಿದ್ದರೆ ಮಾತ್ರ ಅದು ಮೆತ್ತಗಿನ ಉಕ್ಕಿನ ಕಥೆ, ಹೀಟ್ ಟ್ರೀಟ್‌ಮೆಂಟ್ ದಾಖಲೆ ತೆರೆಯಬೇಕು.

ಇನ್ನೆರಡು ಗುಪ್ತ ಶತ್ರುಗಳಿವೆ. ಒಂದು, ಗ್ರೈಂಡಿಂಗ್‌ನಲ್ಲಿ ಸುಟ್ಟ ಮೇಲ್ಮೈ. ಬರಿಗಣ್ಣಿಗೆ ಅದು ಹೊಳೆಯುತ್ತಲೇ ಇರುತ್ತದೆ. ನೈಟಾಲ್ ಹಚ್ಚಿದರೆ, ಅಂದರೆ ಆಲ್ಕೋಹಾಲ್‌ನಲ್ಲಿ ಬೆರೆಸಿದ ತೆಳು ನೈಟ್ರಿಕ್ ಆಮ್ಲವನ್ನು ಸವರಿದರೆ, ಕಾವಿಗೆ ಮೆತ್ತಗಾದ ಭಾಗ ಕಪ್ಪಾಗಿಯೂ ಮರುಗಡಸಾದ ಭಾಗ ಬಿಳಿಯಾಗಿಯೂ ಕಾಣುತ್ತದೆ. ಎರಡನೆಯದು, ವಿದ್ಯುತ್ ಕಿಡಿಯಿಂದ ಲೋಹ ಕೊರೆಯುವ ಇಡಿಎಂ ಯಂತ್ರ ಬಿಟ್ಟುಹೋಗುವ ಕರಗಿ ಹೆಪ್ಪುಗಟ್ಟಿದ ಪದರ. ಅದು ಬಿರುಕು ತುಂಬಿದ ಪದರ. ಕಲ್ಲಿನಿಂದ ಉಜ್ಜಿ ಪೂರ್ತಿ ತೆಗೆಯದೆ ಅದರ ಮೇಲೆ ಲೇಪನ ಹಾಕಿಸಿದರೆ ಲೇಪನ ಅಂಟುವುದು ಆ ಪದರಕ್ಕೆ, ಉಕ್ಕಿಗಲ್ಲ. ಸಿಪ್ಪೆ ಎದ್ದಾಗ ಎರಡೂ ಒಟ್ಟಿಗೆ ಬರುತ್ತವೆ.

ಮುಂದಿನ ಬಾರಿ ಜಗಳವೇ ಬೇಡವೆಂದರೆ ಅದೇ ಉಕ್ಕಿನ, ಅದೇ ಹೀಟ್ ಟ್ರೀಟ್‌ಮೆಂಟ್ ಕಂಡ ಒಂದು ತುಣುಕನ್ನು ಪಂಚ್ ಜೊತೆ ಅದೇ ಬ್ಯಾಚಿನಲ್ಲಿ ಲೇಪನಕ್ಕೆ ಕಳಿಸಿ. ಬಂದಮೇಲೆ ಆ ತುಣುಕಿನ ಮೇಲೆ ರಾಕ್‌ವೆಲ್ ಸಿ ಯಂತ್ರದ ವಜ್ರದ ಮೊನೆಯನ್ನು 150 ಕಿಲೋಗ್ರಾಂ ಭಾರದಲ್ಲಿ ಊರಿಸಿ, ಗುಳಿಯ ಸುತ್ತ ಏನಾಗಿದೆ ಎಂದು ನೂರು ಪಟ್ಟು ಹಿಗ್ಗಿಸಿ ನೋಡಿ. ವಿಡಿಐ 3198 ಎಂಬ ಜರ್ಮನ್ ಮಾರ್ಗಸೂಚಿ ಇದನ್ನು ಎಚ್‌ಎಫ್1ರಿಂದ ಎಚ್‌ಎಫ್6ರವರೆಗೆ ವರ್ಗೀಕರಿಸುತ್ತದೆ. ಸುತ್ತ ಕೂದಲೆಳೆ ಬಿರುಕುಗಳಷ್ಟೇ ಇದ್ದರೆ ಒಳ್ಳೆಯದು; 4ರವರೆಗೆ ಒಪ್ಪಬಹುದು; 5 ಮತ್ತು 6ರಲ್ಲಿ ಲೇಪನ ಉಕ್ಕನ್ನು ಬಿಟ್ಟೆದ್ದಿರುತ್ತದೆ. ನಾನಾದರೆ ಫಾರ್ಮಿಂಗ್ ಡೈಗೆ 2ನ್ನು ಮೀರಿದ ಅಂಕಿಯನ್ನು ಒಪ್ಪುವುದಿಲ್ಲ. ಪರೀಕ್ಷೆ ಹತ್ತು ನಿಮಿಷದ್ದು. ಖರೀದಿ ಆದೇಶದಲ್ಲಿ ಒಂದು ಸಾಲಾಗಿ ಅದನ್ನು ಬರೆಸಲು ಮಾತ್ರ ಹಲವರಿಗೆ ವರ್ಷಗಳೇ ಬೇಕಾಗುತ್ತವೆ.

ಪ್ರಶ್ನೆ: ನಮ್ಮಲ್ಲಿ ನೀಲಿ ಬೆಳಕಿನ ತ್ರೀಡಿ ಸ್ಕ್ಯಾನರ್ ಇದೆ. ಲೇಪನ ಸವೆದಿದೆಯೇ ಎಂದು ಅದರಲ್ಲೇ ನೋಡಬಹುದೇ? ಎಷ್ಟು ದಿನಕ್ಕೊಮ್ಮೆ?

ಉತ್ತರ: ಆಗದು. ದೊಡ್ಡ ಡೈ ಮೇಲೆ ಸ್ಕ್ಯಾನರ್ ಹತ್ತಾರು ಮೈಕ್ರಾನ್ ಮಟ್ಟದಲ್ಲಿ ಆಕಾರ ಹೇಳುತ್ತದೆ. ನಿಮ್ಮ ಪಿವಿಡಿ ಲೇಪನದ ದಪ್ಪವೇ 2ರಿಂದ 5 ಮೈಕ್ರಾನ್. ರೇಡಿಯಸ್ ಸವೆದು ಆಕಾರ ಬದಲಾದದ್ದು ಸ್ಕ್ಯಾನರಿಗೆ ತಿಳಿಯುವ ಹೊತ್ತಿಗೆ ಲೇಪನ ಹೋಗಿ ಬಹಳ ಕಾಲವಾಗಿರುತ್ತದೆ. ಹೊಸ ಡೈಯ ಆಕಾರವನ್ನೂ ವೆಲ್ಡಿಂಗ್ ದುರಸ್ತಿಯ ನಂತರದ ಆಕಾರವನ್ನೂ ದಾಖಲಿಸಲು ಅದನ್ನು ಬಳಸಿ.

ಲೇಪನದ ಆರೋಗ್ಯವನ್ನು ಮೊದಲು ಹೇಳುವುದು ಡೈಯಲ್ಲ, ಒತ್ತಿ ಬಂದ ಭಾಗ. ಉತ್ಪಾದನೆಯ ಪ್ರತಿ ಓಟದ ಕೊನೆಯ ಭಾಗವನ್ನು ತೆಗೆದಿಟ್ಟು, ಹಿಂದಿನ ಓಟದ ಕೊನೆಯ ಭಾಗದ ಪಕ್ಕದಲ್ಲಿಟ್ಟು ಭಾಗಗಳ ಪಕ್ಕಗೋಡೆಯ ಮೇಲಿನ ಗೀರುಗಳನ್ನು ಹೋಲಿಸಿ. ಗೀರು ಎಲ್ಲಿ ಶುರುವಾಗುತ್ತದೋ ಅದೇ ಜಾಗಕ್ಕೆ ಡೈಯಲ್ಲಿ ಹೋಗಿ, ದೀಪವನ್ನು ಮೇಲ್ಮೈಗೆ ಬಹುತೇಕ ಸಮಾನಾಂತರವಾಗಿ ಹಿಡಿದು ನೋಡಿ, ಉಗುರಿನಿಂದ ಸವರಿ. ಟೈಟಾನಿಯಂ ನೈಟ್ರೈಡಿನ ಚಿನ್ನದ ಬಣ್ಣಕ್ಕೆ ಇಲ್ಲಿ ಒಂದು ಲಾಭವಿದೆ: ಕೆಳಗಿನ ಉಕ್ಕು ಬೆಳ್ಳಗೆ ಇಣುಕಿದರೆ ಯಾರಿಗಾದರೂ ಗೊತ್ತಾಗುತ್ತದೆ. ಬೂದು ಬಣ್ಣದ ಕ್ರೋಮಿಯಂ ನೈಟ್ರೈಡ್ ಸವೆದದ್ದು ಪಳಗಿದ ಕಣ್ಣಿಗೂ ಕಷ್ಟ. ಆದರೆ ಬಣ್ಣ ನೋಡಿ ದಪ್ಪ ಹೇಳಲು ಹೋಗಬೇಡಿ. ಒಂದು ಮೈಕ್ರಾನೂ ಚಿನ್ನದ ಬಣ್ಣವೇ, ನಾಲ್ಕು ಮೈಕ್ರಾನೂ ಚಿನ್ನದ ಬಣ್ಣವೇ. ದಪ್ಪ ತಿಳಿಯಲು ಜೊತೆಗೆ ಹೋದ ತುಣುಕಿನ ಮೇಲೆ ವಜ್ರದ ಪೇಸ್ಟ್ ಹಚ್ಚಿದ ಉಕ್ಕಿನ ಗುಂಡನ್ನು ತಿರುಗಿಸಿ ಪುಟ್ಟ ಬಟ್ಟಲಿನಂತಹ ಗುಳಿ ಕೊರೆದು, ಅದರ ವೃತ್ತಗಳನ್ನು ಸೂಕ್ಷ್ಮದರ್ಶಕದಲ್ಲಿ ಅಳೆಯುತ್ತಾರೆ.

ಎಷ್ಟು ದಿನಕ್ಕೊಮ್ಮೆ ಎಂಬುದಕ್ಕೆ ಎಲ್ಲರಿಗೂ ಹೊಂದುವ ಅಂಕಿಯಿಲ್ಲ. ದಿನ ಎಣಿಸಬೇಡಿ, ಹೊಡೆತ ಎಣಿಸಿ. ಮೊದಲ ಲೇಪನ ಎಷ್ಟನೇ ಹೊಡೆತಕ್ಕೆ ಉಕ್ಕು ತೋರಿಸಿತೋ ಬರೆದಿಟ್ಟು, ಮುಂದಿನ ಸಲ ಇನ್ಸರ್ಟನ್ನು ಅದಕ್ಕೆ ಸಾಕಷ್ಟು ಮೊದಲೇ ಪ್ರೆಸ್‌ನಿಂದ ಇಳಿಸಿ. ಉಕ್ಕಿಗೆ ಗಾಯವಾಗುವ ಮೊದಲು ಬಂದ ಇನ್ಸರ್ಟಿನ ಹಳೆಯ ಪಿವಿಡಿ ಪದರವನ್ನು ರಾಸಾಯನಿಕವಾಗಿ ಕಳಚಿ, ಹಗುರವಾಗಿ ಪಾಲಿಶ್ ಮಾಡಿ ಮತ್ತೆ ಹಾಕಬಹುದು. ಗಾಯವಾದ ಮೇಲೆ ಬಂದರೆ ಮೊದಲು ವೆಲ್ಡಿಂಗ್, ಗ್ರೈಂಡಿಂಗ್, ಮರು ಹೊಂದಾಣಿಕೆ.

ಪ್ರಶ್ನೆ: ಬಾಗಿಲಿನ ಹೊರ ಹಾಳೆಯ ಡ್ರಾ ಡೈಗಳು (ಶೀಟನ್ನು ಎಳೆದು ಆಕಾರ ಕೊಡುವವು) ಎರಕದ ಕಬ್ಬಿಣದವು; ಶೀಟ್ ಸತು ಲೇಪಿತ. ತೊಟ್ಟಿಯಲ್ಲಿ ವಿದ್ಯುತ್ತಿನಿಂದ ಕೂರಿಸುವ ಹಾರ್ಡ್ ಕ್ರೋಮ್ ಲೇಪನ ಹಳೆಯ ಕಾಲದ್ದು, ಬಿಟ್ಟುಬಿಡಿ ಎನ್ನುತ್ತಾರೆ. ನಿಜವೇ?

ಉತ್ತರ: ಹಳೆಯದು ನಿಜ. ಬಿಡಬೇಕೆನ್ನುವವರು ನಿಮ್ಮ ಡೈಯ ಗಾತ್ರ ನೋಡಿದ್ದಾರೆಯೇ? ಹಲವು ಟನ್ ತೂಗುವ ಎರಕವನ್ನು ಪಿವಿಡಿ ಚೇಂಬರಿಗೆ ತೂರಿಸುವುದು ಸುಲಭದ ಮಾತಲ್ಲ, ಮತ್ತು ಎರಕದೊಳಗಿನ ಗ್ರಾಫೈಟ್ ಆ ತೆಳು ಪದರಕ್ಕೆ ಒಳ್ಳೆಯ ನೆಲವೂ ಅಲ್ಲ. ಕ್ರೋಮ್ ತೊಟ್ಟಿಯ ಕಾವು 60 ಡಿಗ್ರಿ ಆಸುಪಾಸು. ಡೈ ಬಾಗುವ ಭಯವಿಲ್ಲ. 850ರಿಂದ 1,000 ವಿಕರ್ಸ್ ಗಡಸುತನ ಸಾಧಾರಣವೇ ಆದರೂ ಸತು ಅದಕ್ಕೆ ಸುಲಭವಾಗಿ ಅಂಟುವುದಿಲ್ಲ, ಹೊರ ಹಾಳೆಗೆ ಬೇಕಾದದ್ದು ಅದೇ.

ತೊಂದರೆ ಬೇರೆ ಕಡೆಯಿದೆ. ತೊಟ್ಟಿಯಲ್ಲಿರುವುದು ಕ್ಯಾನ್ಸರ್‌ಕಾರಕವಾದ ಆರು ವೇಲೆನ್ಸಿಯ ಕ್ರೋಮಿಯಂ. ಯುರೋಪಿಯನ್ ಒಕ್ಕೂಟದಲ್ಲಿ 2017ರ ಸೆಪ್ಟೆಂಬರ್ 21ರ ನಂತರ ಈ ತೊಟ್ಟಿಗೆ ಬೇಕಾದ ಕ್ರೋಮಿಯಂ ಟ್ರಯಾಕ್ಸೈಡನ್ನು ಅನುಮತಿಯಿಲ್ಲದೆ ಬಳಸುವಂತಿಲ್ಲ. ಈ ಒತ್ತಡದಿಂದಾಗಿ ಹಲವರು ಪ್ಲಾಸ್ಮಾ ನೈಟ್ರೈಡಿಂಗ್ ಕಡೆ ಹೊರಳಿದ್ದಾರೆ. ಒಳ್ಳೆಯ ಆಯ್ಕೆಯೇ, ಒಂದು ಷರತ್ತಿನೊಡನೆ: ನೈಟ್ರೈಡ್ ಆದ ಮೇಲ್ಮೈಗೆ ವೆಲ್ಡಿಂಗ್ ಮಾಡಿದರೆ ಸಾರಜನಕ ಹೊರಬಂದು ಬೆಸುಗೆ ರಂಧ್ರಮಯವಾಗುತ್ತದೆ. ವಿನ್ಯಾಸಕಾರರು ಇನ್ನೂ ಬಾಗಿಲಿನ ಗೆರೆ ತಿದ್ದುತ್ತಿದ್ದರೆ ಕೈಹಾಕಬೇಡಿ. ಕ್ರೋಮಿಗೂ ಇದೇ ಮಾತು. ವೆಲ್ಡ್ ಮಾಡುವ ಮುನ್ನ ಅದನ್ನು ಕಳಚಲೇಬೇಕು. ಭಾಗಕ್ಕೆ ಅಂತಿಮ ಒಪ್ಪಿಗೆ ಸಿಗುವ ಮೊದಲೇ ಲೇಪನಕ್ಕೆ ಓಡುವ ಅವಸರದಷ್ಟು ದುಬಾರಿ ಅಭ್ಯಾಸ ಈ ಕಸುಬಿನಲ್ಲಿ ಇನ್ನೊಂದಿಲ್ಲ.

ಕ್ರೋಮ್ ಎಲ್ಲಿ ಸವೆದಿದೆ ಎಂದು ತಿಳಿಯಲು ಮೈಲುತುತ್ತದ ದ್ರಾವಣ ಒಂದು ಹನಿ ಸಾಕು. ಬೆತ್ತಲಾದ ಕಬ್ಬಿಣದ ಮೇಲೆ ತಾಮ್ರದ ಕೆಂಪು ಕೂರುತ್ತದೆ, ಕ್ರೋಮ್ ಮೇಲೆ ಕೂರುವುದಿಲ್ಲ. ನೋಡಿದ ತಕ್ಷಣ ತೊಳೆದು ಒಣಗಿಸಿ ಎಣ್ಣೆ ಹಚ್ಚಿ, ಇಲ್ಲದಿದ್ದರೆ ಪರೀಕ್ಷೆಯೇ ತುಕ್ಕಾಗಿ ಉಳಿಯುತ್ತದೆ.

ಪ್ರಶ್ನೆ: ಲೇಪನದ ದಪ್ಪಕ್ಕಾಗಿ ಪಂಚ್ ಮತ್ತು ಡೈ ನಡುವಿನ ತೆರಪಿನಲ್ಲಿ ಜಾಗ ಬಿಡಬೇಕೇ?

ಉತ್ತರ: ಪಿವಿಡಿಗೆ ಸಾಮಾನ್ಯವಾಗಿ ಬೇಡ. ಟಿಡಿಯಲ್ಲೂ, ಹೆಚ್ಚು ಕಾವಿನಲ್ಲಿ ಅನಿಲಗಳಿಂದ ಪದರ ಬೆಳೆಸುವ ಸಿವಿಡಿಯಲ್ಲೂ ಪದರಕ್ಕಿಂತ ಹೀಟ್ ಟ್ರೀಟ್‌ಮೆಂಟಿನಿಂದಾಗುವ ಅಳತೆಯ ಬದಲಾವಣೆಯೇ ದೊಡ್ಡದು, ಅದನ್ನು ಒಂದು ಮಾದರಿ ಇನ್ಸರ್ಟ್ ಕಳಿಸಿ ಮೊದಲು ಮತ್ತು ನಂತರ ಅಳೆದು ತಿಳಿಯಬೇಕು. ಹಾರ್ಡ್ ಕ್ರೋಮ್ ಒಂದೊಂದು ಮುಖಕ್ಕೆ 20ರಿಂದ 50 ಮೈಕ್ರಾನ್ ಕೂರುತ್ತದೆ, ಅಂಚುಗಳಲ್ಲಿ ವಿದ್ಯುತ್ ಗುಂಪುಗೂಡುವುದರಿಂದ ಇನ್ನೂ ದಪ್ಪ; ಅದಕ್ಕೆ ಜಾಗ ಬಿಡಲೇಬೇಕು.