ಹತ್ತೊಂಬತ್ತು ಅರ್ಜಿಗಳ ಮಾಷ್ಟ್ರು

(ಅವರ ಒಪ್ಪಿಗೆ ಪಡೆದು ಬರೆದಿದ್ದೇನೆ. ಗುರುತು ಸಿಗದ ಹಾಗೆ ಊರು, ವಯಸ್ಸು, ಮನೆಯ ವಿವರ ಬದಲಿಸಿದ್ದೇನೆ.)

ನನ್ನ ಹತ್ತಿರ ಕೌನ್ಸೆಲಿಂಗ್‌ಗೆ ಕಾಸರಗೋಡಿನ ಬದಿಯಡ್ಕದ ಆಚೆಯಿಂದ ಬಂದವರು. ವಯಸ್ಸು 34. ಫಿಸಿಕ್ಸ್‌ನಲ್ಲಿ ಪಿಎಚ್‌ಡಿ, ಆಮೇಲೆ ಒಂದು ವರ್ಷ ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ಸಂಶೋಧನೆ), ಆಮೇಲೆ ಮನೆ. ಸಂಜೆ ಪ್ಲಸ್ ಟೂ ಮಕ್ಕಳಿಗೆ ಟ್ಯೂಶನ್ ಹೇಳುತ್ತಾರೆ. ಹಾಗಾಗಿ ಊರಿಡೀ ಅವರನ್ನು 'ಮಾಷ್ಟ್ರೇ' ಅನ್ನುತ್ತದೆ. "ಕೆಲಸ ಸಿಗುವ ಮೊದಲೇ ಹೆಸರು ಸಿಕ್ಕಿತು ನೋಡಿ ಮೇಡಂ" ಎಂದು ಮೊದಲ ದಿನ ನಕ್ಕಿದ್ದರು. ಆ ನಗು ನನಗೆ ಅಷ್ಟು ಸರಿ ಕಾಣಲಿಲ್ಲ.

ಕರೆದುಕೊಂಡು ಬಂದದ್ದು ಅಮ್ಮ. ಮಗನಿಗೆ ಹೊಟ್ಟೆನೋವು, ಡಾಕ್ಟರು ಏನೂ ಇಲ್ಲ ಎಂದಿದ್ದಾರೆ. ರಾತ್ರಿ ಎರಡು ಗಂಟೆಯವರೆಗೆ ಫೋನ್ ಹಿಡಿದು ಕೂತಿರುತ್ತಾನೆ. ಒಂದು ಮದುವೆಗೂ ಬರುವುದಿಲ್ಲ. "ಮಧೂರಿಗೆ ಅಪ್ಪದ ಹರಕೆ ಹೇಳಿಕೊಂಡಿದ್ದೇನೆ, ಇನ್ನು ನೀವೇ ಏನಾದರೂ ಮಾಡಿ" ಎಂದರು. ಗಣಪತಿಯ ಪಕ್ಕದಲ್ಲೇ ನನ್ನನ್ನೂ ಕೂರಿಸಿದ್ದು ಸ್ವಲ್ಪ ಭಾರವೇ ಆಯಿತು.

ಅವರು ಫೋನಿನಲ್ಲಿ ನೋಡುತ್ತಿದ್ದದ್ದು ಫಿಸಿಕ್ಸ್ ವಿಭಾಗಗಳ ಅಸಿಸ್ಟೆಂಟ್ ಪ್ರೊಫೆಸರ್ ಹುದ್ದೆಗಳ ಜಾಹೀರಾತು. ಹೊಸದು ಬಂದರೆ ಎದೆ ಡವಡವ, ಬರದಿದ್ದರೆ ಬೇಸರ. ಮೂರು ವರ್ಷದಲ್ಲಿ 19 ಅರ್ಜಿ ಹಾಕಿದ್ದರು. ಮೊದಲ ಭೇಟಿಯಲ್ಲೇ ನಾನು ನೇರವಾಗಿ ಕೇಳಿದೆ: ಸಾಯಬೇಕು ಅನ್ನಿಸಿದ್ದಿದೆಯಾ? ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಗುತ್ತದೆ ಎಂದು ತುಂಬ ಜನ ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ, ಕೇಳುವುದೇ ಒಳ್ಳೆಯದು. "ಸಾಯಬೇಕು ಅಂತಲ್ಲ, ಯಾರ ಕಣ್ಣಿಗೂ ಬೀಳಬಾರದು ಅಂತ" ಎಂದರು. ಹೆಚ್ಚು ಕಷ್ಟ ಅನ್ನಿಸಿದರೆ ಹೊತ್ತು ನೋಡದೆ ಕರೆ ಮಾಡಿ ಎಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಬರೆದುಕೊಟ್ಟೆ. ಅಲ್ಲಿ ಕನ್ನಡದಲ್ಲೂ ಮಾತಾಡಬಹುದು.

ಇನ್ನು ನನ್ನ ತಪ್ಪು. ಎರಡನೇ ಭೇಟಿಯಲ್ಲಿ ಉಸಿರಾಟದ ಅಭ್ಯಾಸ ಹೇಳಿಕೊಟ್ಟೆ. ಮಾಷ್ಟ್ರು ವಿನಯದಿಂದ ಮಾಡಿ ಮುಗಿಸಿದರು. ಆಮೇಲೆ, "ಮೇಡಂ, ಉಸಿರು ಸರಿಯೇ ಇದೆ. ಕೆಲಸ ಇಲ್ಲ" ಎಂದರು. ಅಲ್ವಾ? ಮುಂದಿನ ಸಲ 19 ಜಾಹೀರಾತುಗಳನ್ನೂ ಪ್ರಿಂಟ್ ತೆಗೆದು ತನ್ನಿ ಎಂದೆ. ನಾನು ಓದಿದ್ದು ಸೈಕಾಲಜಿ. ಆ ವಾರವಿಡೀ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ಅಧ್ಯಾಪಕರ ನೇಮಕದ ನಿಯಮಾವಳಿ ಹಿಡಿದು ಕೂತೆ.

ಕಾಗದಗಳನ್ನು ಮೇಜಿನ ಮೇಲೆ ಹರಡಿ ಒಂದೊಂದಾಗಿ ಓದಿದೆವು. ಮಾಷ್ಟ್ರದ್ದು ಥಿನ್ ಫಿಲ್ಮ್ (ತೆಳು ಪದರ) ಕೆಲಸ, ಲ್ಯಾಬಿನಲ್ಲಿ ಗ್ಯಾಸ್ ಸೆನ್ಸರ್ ಮಾಡುವವರು. 19ರಲ್ಲಿ ನಾಲ್ಕು ಕಡೆ ಬೇಕಾಗಿದ್ದದ್ದು ಥಿಯರಿಯವರು. ಎರಡು ಹುದ್ದೆ ಸಂವಿಧಾನದ 371(ಜೆ) ವಿಧಿಯ ಅಡಿಯಲ್ಲಿ ಕಲ್ಯಾಣ ಕರ್ನಾಟಕದ ಸ್ಥಳೀಯರಿಗೆ ಮೀಸಲು. ಇವರು ಕಾಸರಗೋಡಿನಲ್ಲಿ ಕೂತು ಅದಕ್ಕೂ ಫೀಸು ಕಟ್ಟಿದ್ದಾರೆ! ಎರಡು ಬೇರೆ ವರ್ಗಕ್ಕೆ ಮೀಸಲಾದವು. ಇವರ ಜಾತಿ ಪ್ರಮಾಣಪತ್ರ ಕೇರಳದ್ದು. ಕರ್ನಾಟಕದ ರಾಜ್ಯ ಹುದ್ದೆಗಳಲ್ಲಿ ಇವರು ಜನರಲ್ ಮೆರಿಟ್, ಅಂದರೆ ಮೀಸಲಾತಿ ಇಲ್ಲ.

ಇನ್ನು ಮೂರು ಕೇರಳದ ಹುದ್ದೆಗಳು. ಇಲ್ಲಿದೆ ಗಡಿಯ ಕಿರಿಕಿರಿ. ಮಾಷ್ಟ್ರು ಎಂಎಸ್ಸಿ ಓದಿದ್ದು ಕರ್ನಾಟಕದಲ್ಲಿ, ಪಾಸಾದದ್ದು ಕೆಸೆಟ್, ಅಂದರೆ ಕಾಲೇಜು ಅಧ್ಯಾಪಕರಾಗಲು ಕರ್ನಾಟಕದ ಅರ್ಹತಾ ಪರೀಕ್ಷೆ. ಒಂದು ರಾಜ್ಯದ ಸೆಟ್ ಆ ರಾಜ್ಯದ ಕಾಲೇಜು, ವಿಶ್ವವಿದ್ಯಾಲಯಗಳಿಗೆ ಮಾತ್ರ ನಡೆಯುತ್ತದೆ. ತಲಪಾಡಿ ದಾಟಿ ಈಚೆ ಬಂದರೆ ಅದಕ್ಕೆ ಬೆಲೆಯಿಲ್ಲ. ಯುಜಿಸಿ ನಿಯಮದಂತೆ ಪಿಎಚ್‌ಡಿ ಮಾಡಿದವರಿಗೆ ನೆಟ್‌ನಿಂದ (ದೇಶವಿಡೀ ನಡೆಯುವ ಅರ್ಹತಾ ಪರೀಕ್ಷೆ) ವಿನಾಯಿತಿ ಕೊಡುವುದುಂಟು, ಆದರೆ ಈ ಮೂರೂ ಜಾಹೀರಾತಿನಲ್ಲಿ ನೆಟ್ ಬೇಕೇ ಬೇಕು ಎಂದಿತ್ತು. ಕೇರಳದಲ್ಲೂ 'ಸೆಟ್' ಎಂಬ ಪರೀಕ್ಷೆ ಇದೆಯಲ್ಲ ಎಂದು ಅವರ ಸೋದರಮಾವ ವಾದಿಸುತ್ತಿದ್ದರಂತೆ. ಆದರೆ ಅದು ಹೈಯರ್ ಸೆಕೆಂಡರಿ ಶಿಕ್ಷಕರದ್ದು, ಕಾಲೇಜಿನದ್ದಲ್ಲ. ಹೆಸರು ಒಂದೇ, ಅಷ್ಟೇ.

ಅಂದರೆ 11 ಅರ್ಜಿ ಮೊದಲಿನಿಂದಲೇ ಇವರದ್ದಲ್ಲ. ಉಳಿದದ್ದು ಎಂಟು. ಅದರಲ್ಲಿ ಮೂರಕ್ಕೆ ಸಂದರ್ಶನದ ಕರೆ ಬಂದಿತ್ತು. "19ರಲ್ಲಿ ಸೊನ್ನೆ" ಎನ್ನುತ್ತಿದ್ದವರು ಆ ಕಾಗದದ ಕಟ್ಟನ್ನು ಸುಮ್ಮನೆ ನೋಡುತ್ತಾ ಕೂತರು. ಆಮೇಲೆ ಸಿಟ್ಟು ಬಂತು. "ನಾನು ಜಾಹೀರಾತು ಓದಲಿಲ್ಲ ಅಂತಲಾ ನಿಮ್ಮ ಮಾತು?" ಹೌದು, ಹಾಗೇ. ರಾತ್ರಿ ಎರಡು ಗಂಟೆಗೆ ಹೆದರಿಕೊಂಡು ಓದುವವರು ಹುದ್ದೆಯ ಹೆಸರು, ಕೊನೆಯ ದಿನಾಂಕ ಎರಡನ್ನೇ ಓದುತ್ತಾರೆ. ದಡ್ಡತನ ಅಲ್ಲ ಅದು, ಭಯ. ಅದನ್ನೇ ಅವರಿಗೂ ಹೇಳಿದೆ.

ಮೀಸಲಾತಿಯ ಬಗ್ಗೆಯೂ ಒಂದು ಕಹಿ ಇತ್ತು. "ಫಿಸಿಕ್ಸ್‌ಗೆ ಇರುವುದೇ ಒಂದು ಹುದ್ದೆ, ಅದೂ ನಮಗಲ್ಲ. ಬೇಕೆಂದೇ ಮಾಡುತ್ತಾರೆ." ಕೇಂದ್ರದ ಸಂಸ್ಥೆಗಳಲ್ಲಿ 2019ರ ಕಾಯ್ದೆಯ ಪ್ರಕಾರ ಇಡೀ ವಿಶ್ವವಿದ್ಯಾಲಯವನ್ನು ಒಂದು ಘಟಕ ಎಂದು ಹಿಡಿದು ರೋಸ್ಟರ್ (ಮೀಸಲಾತಿಯ ಸರದಿ ಪಟ್ಟಿ) ಮಾಡುತ್ತಾರೆ. ಫಿಸಿಕ್ಸ್‌ನ ಒಂದು ಹುದ್ದೆ ಆ ಪಟ್ಟಿಯಲ್ಲಿ ಯಾವ ಸಾಲಿಗೆ ಬಂತೋ ಅದರ ವರ್ಗ. ಇವರ ಮುಖ ನೋಡಿ ಯಾರೂ ಬರೆದದ್ದಲ್ಲ. ಇದನ್ನು ಅವರು ಪೂರ್ತಿ ಒಪ್ಪಲಿಲ್ಲ. ನಾನೂ ಜಾಸ್ತಿ ಎಳೆಯಲಿಲ್ಲ.

ಆಮೇಲೆ ಲೆಕ್ಕ ಹಾಕಿದೆವು. ವಿಶ್ವವಿದ್ಯಾಲಯದ ಹುದ್ದೆಗೆ ಸಂದರ್ಶನಕ್ಕೆ ಯಾರನ್ನು ಕರೆಯಬೇಕು ಅಂತ ಆರಿಸಲು ಯುಜಿಸಿ 100 ಅಂಕಗಳ ಪಟ್ಟಿ ಕೊಟ್ಟಿದೆ. ಇವರಿಗೆ ಡಿಗ್ರಿಗೆ 13, ಎಂಎಸ್ಸಿಗೆ 23, ಪಿಎಚ್‌ಡಿಗೆ 30, ಐದು ಪೇಪರ್‌ಗೆ 10, ಪೋಸ್ಟ್‌ಡಾಕ್ ವರ್ಷಕ್ಕೆ 2, ಕೆಸೆಟ್‌ಗೆ 3. ಒಟ್ಟು 81. ನೆಟ್ ಇದ್ದರೆ ಆ 3ರ ಬದಲು 5. 83 ಆದ ಕೂಡಲೇ ಕೆಲಸ ಸಿಗುವುದಿಲ್ಲ, ಆ ಅಂಕ ಬಾಗಿಲವರೆಗೆ ಮಾತ್ರ. ಒಳಗೆ ಹೋದ ಮೇಲೆ ಆಯ್ಕೆ ಸಂದರ್ಶನದ ಮೇಲೆಯೇ. ಆದರೆ ಆ 5 ಅಂಕದ ಜೊತೆ ನೆಟ್ ಕೇಳುವ ಕೇರಳದ ಹುದ್ದೆಗಳ ಬಾಗಿಲೂ ತೆರೆಯುತ್ತದೆ. 2009ರಲ್ಲಿ ಶುರುವಾದ ಕೇಂದ್ರೀಯ ವಿಶ್ವವಿದ್ಯಾಲಯ ಪೆರಿಯದಲ್ಲೇ ಇದೆ, ಅವರ ಮನೆಯಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರ. "ನನಗೆ ವಯಸ್ಸಾಯಿತು" ಎಂದರು. ಜೆಆರ್‌ಎಫ್‌ಗೆ (ಸಂಶೋಧನೆಯ ಫೆಲೋಶಿಪ್) ಆಯಿತು, ಅಸಿಸ್ಟೆಂಟ್ ಪ್ರೊಫೆಸರ್ ಅರ್ಹತೆಗೆ ವಯಸ್ಸಿನ ಮಿತಿಯೇ ಇಲ್ಲ. ವಿಜ್ಞಾನದವರು ಬರೆಯುವ ಸಿಎಸ್‌ಐಆರ್ ನೆಟ್‌ನ 200 ಅಂಕದಲ್ಲಿ 100 ಯೋಚಿಸಿ ಬಿಡಿಸುವ ಸಿ ಭಾಗದ್ದು. ದಿನಾ ಟ್ಯೂಶನ್‌ನಲ್ಲಿ ಲೆಕ್ಕ ಬಿಡಿಸುವವರಿಗೆ ಕೈ ಪೂರ್ತಿ ತಪ್ಪಿರುವುದಿಲ್ಲ.

ನಾನು ಕೊಟ್ಟ ಸಲಹೆ ದೊಡ್ಡದೇನಲ್ಲ. ಜಾಹೀರಾತು ನೋಡುವುದು ಶನಿವಾರ ಬೆಳಿಗ್ಗೆ ಮಾತ್ರ, ತಿಂಡಿ ಆದ ಮೇಲೆ. ಫೋನ್ ರಾತ್ರಿ ಅಡುಗೆಮನೆಯ ಕಪಾಟಿನ ಮೇಲೆ. ಪ್ರತಿ ಜಾಹೀರಾತಿನಲ್ಲಿ ಮೊದಲು ವಿಷಯ, ವರ್ಗ, ಅರ್ಹತೆ ಮೂರಕ್ಕೆ ಗೆರೆ ಹಾಕಬೇಕು. ಒಂದು ಹೊಂದದಿದ್ದರೂ ನೋಟ್‌ಬುಕ್‌ನಲ್ಲಿ 'ನನ್ನದಲ್ಲ' ಎಂದು ಬರೆದು ಮುಚ್ಚಬೇಕು. ಅದು ಸೋಲಿನ ಲೆಕ್ಕಕ್ಕೆ ಸೇರುವ ಹಾಗಿಲ್ಲ.

ಅಮ್ಮನ ಜೊತೆ ಬೇರೆಯಾಗಿ ಕೂತೆ. ಮದುವೆ ಮನೆಯಲ್ಲಿ ಯಾರಾದರೂ "ಮಗನಿಗೆ ಕೆಲಸ ಆಯಿತಾ?" ಎಂದರೆ ಇವರು ಅರ್ಧ ಗಂಟೆ ವಿವರಿಸುತ್ತಿದ್ದರಂತೆ, ಎಲ್ಲಿ ಎಷ್ಟು ಹುದ್ದೆ, ಯಾರ ಶಿಫಾರಸು ನಡೆಯಿತು ಎಂದೆಲ್ಲ. "ಪರೀಕ್ಷೆಗೆ ಓದುತ್ತಿದ್ದಾನೆ. ಪಾಯಸ ಬಡಿಸಿದರಾ?" ಇಷ್ಟು ಸಾಕು ಎಂದೆ. ಅವರಿಗೆ ಇದು ತುಂಬ ಇಷ್ಟವಾಯಿತು.

ಅಪ್ಪ ಒಂದೇ ಸಲ ಬಂದರು. ಅಡಿಕೆಗೆ ಎಲೆಚುಕ್ಕಿ ರೋಗ ಬಂದು ಮಾತೆಲ್ಲ ಅದರದ್ದೇ. ಕೊನೆಗೆ ಮಗನ ಕಡೆ ನೋಡದೆ, "ಬಿಎಡ್ ಮಾಡಿ ಶಾಲೆಗೆ ಹೋದರೆ ಏನು ಹೋಗುತ್ತದೆ?" ಎಂದರು. ನಮ್ಮ ಜಿಲ್ಲೆಯಲ್ಲಿ ಕನ್ನಡ ಮಾಧ್ಯಮದ ಹೈಸ್ಕೂಲಿಗೆ ಫಿಸಿಕಲ್ ಸಯನ್ಸ್ ಶಿಕ್ಷಕರನ್ನು ಪಿಎಸ್‌ಸಿ (ಕೇರಳದ ಲೋಕಸೇವಾ ಆಯೋಗ) ಬೇರೆಯಾಗಿ ಕರೆಯುತ್ತದೆ, ಅದಕ್ಕೆ ಬಿಎಡ್ ಬೇಕು. ಮಾಷ್ಟ್ರ ಮುಖ ಕೆಂಪಾಯಿತು. "ಪಿಎಚ್‌ಡಿ ಮಾಡಿ ಬಿಎಡ್ಡಾ?" ನಾನು ಯಾರ ಪರವೂ ಮಾತಾಡಲಿಲ್ಲ. ನೆಟ್‌ಗೆ ಎರಡು ಸಲ ಕೂರುವುದು, ಅಲ್ಲಿಯವರೆಗೆ ಮನೆಯಲ್ಲಿ ಬಿಎಡ್ ಮಾತು ಬೇಡ, ಆಮೇಲೆ ಮಾಷ್ಟ್ರೇ ಅದನ್ನು ಎತ್ತಬೇಕು. ಇಷ್ಟಕ್ಕೆ ಅಪ್ಪ ಮಗ ಇಬ್ಬರೂ ಒಪ್ಪಿದರು. ಅವಧಿ ಇಲ್ಲದ ಕಾಯುವಿಕೆಯೇ ಅವರ ಹೊಟ್ಟೆನೋವು ಎಂದು ನನ್ನ ಅಂದಾಜು.

ಮೊದಲ ನೆಟ್ ಆಗಲಿಲ್ಲ, ಸ್ವಲ್ಪದರಲ್ಲಿ ತಪ್ಪಿತು. ಆ ವಾರ ಹೊಟ್ಟೆನೋವು ಮತ್ತೆ ಬಂದು, ಮೂರು ದಿನದಲ್ಲಿ ಹೋಯಿತು. ಕಳೆದ ಭೇಟಿಗೆ ನೋಟ್‌ಬುಕ್ ತಂದಿದ್ದರು. ಆ ತಿಂಗಳು ಬಂದ ಐದು ಜಾಹೀರಾತಿನಲ್ಲಿ ನಾಲ್ಕರ ಕೆಳಗೆ 'ನನ್ನದಲ್ಲ'. ಐದನೆಯದರ ಕೆಳಗೆ ಏನೂ ಬರೆದಿರಲಿಲ್ಲ. "ಇದರ ಕೊನೆಯ ದಿನ ಯಾವಾಗ?" ಎಂದು ಕೇಳಿದೆ. "ಇನ್ನೂ ಹನ್ನೆರಡು ದಿನ ಇದೆ ಮೇಡಂ. ಶನಿವಾರ ನೋಡುತ್ತೇನೆ" ಎಂದರು.