ಚಪ್ಪಲಿ, ರಿಮೋಟು ಕಚ್ಚುವ ಮರಿಗೆ ನಮ್ಮ ಮನೆಯಲ್ಲಿ ಮಾಡಿದ ಉಪಾಯ

ವಿಜಯನಗರದ ಮೇಡಂ, ನೀವು ಬರೆದದ್ದು ಓದಿದೆ. ಐದು ತಿಂಗಳ ಲ್ಯಾಬ್ರಡಾರ್ ಮರಿ, ಎರಡು ಬೆಡ್‌ರೂಮಿನ ಫ್ಲ್ಯಾಟು, ಹಗಲೆಲ್ಲ ಮನೆಯಲ್ಲಿ ಅತ್ತೆ ಒಬ್ಬರೇ. ಸೋಫಾ ಕಾಲು ಆಯಿತು, ಯಜಮಾನರ ಶೂ ಆಯಿತು, ನಿನ್ನೆ ಟಿವಿ ರಿಮೋಟು. ಅತ್ತೆ ಕಟ್ಟಿಹಾಕಿ ಅನ್ನುತ್ತಾರೆ, ಯಜಮಾನರು ಎರಡು ಬಿಟ್ಟರೆ ಬುದ್ಧಿ ಬರುತ್ತದೆ ಅನ್ನುತ್ತಾರೆ.

ಬೇರೆ ಮಾತಿಗೆ ಮುಂಚೆ ಒಂದು ಕೆಲಸ ಮಾಡಿ. ರಿಮೋಟಿನ ಎರಡೂ ಸೆಲ್ ಸಿಕ್ಕಿವೆಯಾ ನೋಡಿ. ಸೋಫಾ ಕೆಳಗೆ, ಮಂಚದ ಕೆಳಗೆ, ಎಲ್ಲ ಕಡೆ. ಒಂದು ಕಮ್ಮಿಯಿದ್ದರೆ ಅಥವಾ ಸಿಕ್ಕಿದ ಸೆಲ್ಲಿಗೆ ಹಲ್ಲು ನಾಟಿದ್ದರೆ ಸಂಜೆವರೆಗೆ ಕಾಯಬೇಡಿ, ಈಗಲೇ ಡಾಕ್ಟರ ಹತ್ತಿರ ಹೋಗಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಸೆಲ್ಲಿನೊಳಗಿನ ರಸ ಗಂಟಲು ಸುಡುತ್ತದೆ, ವಾಂತಿಯಾದರೆ ವಾಪಸ್ ಬರುವಾಗ ಇನ್ನೊಮ್ಮೆ ಸುಡುತ್ತದೆ. ಕಾರ್ ಕೀಯೊಳಗಿನ ಬಿಲ್ಲೆಯಂಥ ಸೆಲ್ ಇದಕ್ಕಿಂತ ಅಪಾಯ.

ಈಗ ವಿಷಯಕ್ಕೆ ಬರುತ್ತೇನೆ. ಐದು ತಿಂಗಳು ಅಂದರೆ ಹಲ್ಲು ಬದಲಾಗುವ ಕಾಲ. ಮರಿಗೆ ಇರುವುದು 28 ಹಾಲುಹಲ್ಲು. ನಾಲ್ಕು ತಿಂಗಳ ಹೊತ್ತಿಗೆ ಉದುರಲು ಶುರುವಾಗಿ, ಆರೇಳು ತಿಂಗಳಿಗೆಲ್ಲ 42 ಹೊಸ ಹಲ್ಲು ಬಂದಿರುತ್ತವೆ. ಅಲ್ಲಿಯವರೆಗೆ ವಸಡು ನೋಯುತ್ತದೆ, ಏನಾದರೂ ಕಚ್ಚಿದರೆ ಹಾಯೆನಿಸುತ್ತದೆ. ಹಲ್ಲು ಬಂದ ಮೇಲೂ ಲ್ಯಾಬ್‌ಗಳು ಸುಮ್ನೆ ಕೂರುವ ಜಾತಿ ಅಲ್ಲ. ಕಚ್ಚುವುದನ್ನೇ ಬಿಡಿಸುತ್ತೇನೆ ಅಂತ ಹೊರಟರೆ ನೀವೇ ಸೋಲುತ್ತೀರಿ. ಏನು ಕಚ್ಚಬೇಕು ಅನ್ನುವುದಷ್ಟೇ ನಮ್ಮ ಕೈಲಿರುವುದು.

ಇದನ್ನು ನಾನು ಕಲಿತದ್ದು ದಂಡ ತೆತ್ತು. ಹನುಮಂತನಗರದಲ್ಲಿ ಬಾಡಿಗೆಗಿದ್ದಾಗ ಬೀದಿಯಿಂದ ಒಂದು ಮರಿ ತಂದೆವು, ಕೆಂಪಿ ಅಂತ ಹೆಸರಿಟ್ಟೆವು. ಉಂಗುಷ್ಟ ಕಿತ್ತುಹೋದ ಹವಾಯಿ ಚಪ್ಪಲಿ ಒಂದನ್ನು ಆಡಲು ಕೊಟ್ಟವನು ನಾನೇ. ಗೌರಿ ಹಬ್ಬದ ಸಂಜೆ ಅರಿಶಿನ ಕುಂಕುಮಕ್ಕೆ ಬಂದವರ ಚಪ್ಪಲಿಗಳು ಬಾಗಿಲಲ್ಲಿ ಏಳೆಂಟು ಜೊತೆ. ಕೆಂಪಿ ಒಂದು ಜೊತೆಗೆ ಒಂದೇ ಕಾಲಿನದು ಅಂತ ಆರಿಸಿ ಮೂರು ಮುಗಿಸಿದ್ದಳು. ಓನರ್ ಆಂಟಿ ಕೈಯಲ್ಲಿ ಬಾಳೆಹಣ್ಣು, ತೆಂಗಿನಕಾಯಿ ಹಿಡಿದು ಬರಿಗಾಲಲ್ಲಿ ಮೆಟ್ಟಿಲಿಳಿದು ಹೋದದ್ದು ಇನ್ನೂ ಕಣ್ಣ ಮುಂದಿದೆ. ತಪ್ಪು ಕೆಂಪಿಯದಲ್ಲ. ಹಳೆಯದು ಯಾವುದು, ಹೊಸದು ಯಾವುದು ಅಂತ ನಾಯಿಗೆ ಹೇಗೆ ಗೊತ್ತಾಗಬೇಕು? ಎರಡರಲ್ಲೂ ಕಾಲಿನ ಬೆವರಿನ ವಾಸನೆಯೇ. ಹಲ್ಲು ನೋವಿಗೆ ಒದ್ದೆ ಟವೆಲ್ ಫ್ರೀಜರಿನಲ್ಲಿಟ್ಟು ಕೊಡಿ ಅಂತ ನಿಮಗೆ ಉತ್ತರವಾಗಿ ಒಬ್ಬರು ಬರೆದಿದ್ದಾರೆ. ಇದೇ ಕಾರಣಕ್ಕೆ ನನಗೆ ಅದು ಇಷ್ಟವಿಲ್ಲ, ನಾಳೆ ಒಣಗಿಹಾಕಿದ ಬಟ್ಟೆಯೂ ಟವೆಲ್ಲೇ ಅಲ್ವಾ? ಸಾಕ್ಸ್ ನುಂಗಿ ಕರುಳಿಗೆ ಸಿಕ್ಕಿಕೊಂಡರೆ ಆಪರೇಷನ್ನೇ ಗತಿ.

ಟವೆಲ್ ಬದಲು ಕ್ಯಾರೆಟ್ ಇಡೀ ಫ್ರೀಜರಿನಲ್ಲಿಟ್ಟು ಕೊಡಿ, ನೀವು ಎದುರಿಗಿದ್ದಾಗ ಮಾತ್ರ. ಕಾಂಗ್ ಥರದ, ಒಳಗೆ ಟೊಳ್ಳಿರುವ ಗಟ್ಟಿ ರಬ್ಬರ್ ಆಟಿಕೆ ಎರಡು ತನ್ನಿ. ಅನ್ನ, ಮೊಸರು, ಬೇಯಿಸಿದ ಸಿಹಿಗುಂಬಳ ಕಲಸಿ ತುಂಬಿ ರಾತ್ರಿ ಫ್ರೀಜರಿಗೆ ಹಾಕಿ. ಉಪ್ಪು ಬೇಡ. ಈರುಳ್ಳಿ, ದ್ರಾಕ್ಷಿ ಬೇಡವೇ ಬೇಡ, ನಾಯಿಗೆ ವಿಷ. ಬೆಳಿಗ್ಗೆ ನೀವು ಆಫೀಸಿಗೆ ಹೊರಡುವಾಗ ಒಂದು, ಅತ್ತೆ ಮಧ್ಯಾಹ್ನ ಮಲಗುವಾಗ ಇನ್ನೊಂದು. ನಮ್ಮ ಕೆಂಪಿ ಒಂದನ್ನು ಮುಂಗಾಲಲ್ಲಿ ಒತ್ತಿ ಹಿಡಿದು ಮುಕ್ಕಾಲು ಗಂಟೆ ನೆಕ್ಕುತ್ತಿದ್ದಳು, ಆಮೇಲೆ ಅದರ ಪಕ್ಕದಲ್ಲೇ ನಿದ್ದೆ. ಬೇಯಿಸಿದ ಮೂಳೆ ಕೊಡಬೇಡಿ, ಚೂರಾಗಿ ಚುಚ್ಚುತ್ತದೆ. ಅಗಿಯಲು ಏನೇ ತಂದರೂ ಹೆಬ್ಬೆರಳಿನ ಉಗುರು ಒತ್ತಿ ನೋಡಿ. ಗುರುತೇ ಬೀಳದಷ್ಟು ಗಟ್ಟಿಯಿದ್ದರೆ ಹಲ್ಲು ಮುರಿಯಬಹುದು.

ಚಾರ್ಜರ್ ವೈರು, ಶೂ, ರಿಮೋಟು ಸೊಂಟದ ಎತ್ತರಕ್ಕಿಂತ ಮೇಲಿರಲಿ. ಬಾಲ್ಕನಿಯ ಕುಂಡದಲ್ಲಿ ಕಣಗಿಲೆ ಇದ್ದರೆ ಇವತ್ತೇ ಯಾರಿಗಾದರೂ ಕೊಟ್ಟುಬಿಡಿ, ಅದೂ ವಿಷ. ಖಾರದ ಪುಡಿ ಬಳಿಯಿರಿ ಅನ್ನುವವರ ಮಾತು ಕೇಳಬೇಡಿ, ಕಣ್ಣಿಗೆ ಹೋದರೆ ಪಾಪದ್ದು ಒದ್ದಾಡುತ್ತದೆ. ಅಂಗಡಿಯ ಕಹಿ ಸ್ಪ್ರೇ ಕೆಲವು ನಾಯಿಗಳಿಗೆ ನಾಟುತ್ತದೆ. ಕೆಂಪಿ ಚಟ್ನಿ ಥರ ನೆಕ್ಕಿದಳು.

ಬಾಯಲ್ಲಿ ಶೂ ಇದ್ದರೆ ಅಟ್ಟಿಸಿಕೊಂಡು ಹೋಗಬೇಡಿ, ಅದಕ್ಕೆ ಅದು ಜೂಟಾಟ. ನಿಂತಲ್ಲೇ ನಿಂತು ಪನೀರಿನ ಚೂರು ಮೂಗಿನ ಮುಂದೆ ಹಿಡಿದು "ಬಿಡು" ಅನ್ನಿ. ಬಿಟ್ಟ ತಕ್ಷಣ ಪನೀರು ಕೊಡಿ, ಜೊತೆಗೆ ಅದರ ಆಟಿಕೆಯನ್ನೂ ಕೊಡಿ. ಬಾಯಿಂದ ಕಿತ್ತುಕೊಂಡರೆ ಮುಂದಿನ ಸಲ ಗಬಕ್ಕನೆ ನುಂಗಲು ಕಲಿಯುತ್ತದೆ.

ಯಜಮಾನರಿಗೆ ಇದನ್ನು ಓದಿ ಹೇಳಿ. ಸಂಜೆ ಬಂದು, ಬೆಳಿಗ್ಗೆ ಕಚ್ಚಿದ್ದಕ್ಕೆ ಹೊಡೆದರೆ ಅದಕ್ಕೆ ತಲೆಬುಡ ತಿಳಿಯುವುದಿಲ್ಲ. "ಮುಖ ನೋಡಿ, ತಪ್ಪು ಮಾಡಿದ್ದು ಅದಕ್ಕೇ ಗೊತ್ತು" ಅನ್ನುತ್ತೇವಲ್ಲ, ನಾಯಿಗಳ ವರ್ತನೆ ಅಧ್ಯಯನ ಮಾಡುವ ಅಲೆಕ್ಸಾಂಡ್ರಾ ಹೊರೊವಿಟ್ಜ್ ಅನ್ನುವವರು ಅಮೆರಿಕದಲ್ಲಿ 14 ನಾಯಿಗಳ ಮೇಲೆ ಇದನ್ನೇ ಪರೀಕ್ಷೆ ಮಾಡಿ 2009ರಲ್ಲಿ ಪ್ರಕಟಿಸಿದರು. ತಪ್ಪು ಮಾಡಿರಲಿ, ಬಿಡಲಿ, ಒಡೆಯರು ಗದರಿದಾಗಲೇ ಆ ಮುಖ ಜಾಸ್ತಿ ಕಂಡಿತು.

ಅತ್ತೆಯವರ ಮಾತಿನಲ್ಲಿ ಅರ್ಧ ಸತ್ಯವಿದೆ, ಮರಿಗೆ ಇಡೀ ಮನೆ ಬಿಟ್ಟುಕೊಡಬಾರದು. ಆದರೆ ಸರಪಳಿ ಬೇಡ. ಹಾಲಿನ ಒಂದು ಮೂಲೆಗೆ ಮಕ್ಕಳ ಗೇಟು ಹಾಕಿ, ಒಳಗೆ ಹಾಸಿಗೆ, ನೀರು, ಆಟಿಕೆ ಇಡಿ. ಬೆಳಿಗ್ಗೆ ಬಿಸಿಲೇರುವ ಮುಂಚೆ ಅರ್ಧ ಗಂಟೆ ಸುತ್ತಾಡಿಸಿ. ಓಡಿಸಬೇಕಿಲ್ಲ, ಕಂಬ ಕಂಬವನ್ನೂ ಮೂಸಲು ಬಿಡಿ, ಅದರಲ್ಲೇ ಸುಸ್ತಾಗುತ್ತದೆ. ಇಷ್ಟಾಗಿಯೂ ಒಂಟಿಯಾಗಿದ್ದಾಗ ಮಾತ್ರ ಬಾಗಿಲು ಕೆರೆದು, ಜೊಲ್ಲು ಸುರಿಸಿ, ಊಳಿಟ್ಟರೆ ಅದು ಹಲ್ಲಿನ ಸಮಸ್ಯೆ ಅಲ್ಲ, ಒಂಟಿತನದ ಭಯ. ಹೆಬ್ಬಾಳದ ವೆಟರ್ನರಿ ಕಾಲೇಜಿನ ಆಸ್ಪತ್ರೆಗೋ ನಿಮ್ಮ ಡಾಕ್ಟರಿಗೋ ತೋರಿಸಿ.

ಸೋಫಾ ಕಾಲಿಗೆ ದಪ್ಪ ಪಿವಿಸಿ ಪೈಪ್ ತುಂಡನ್ನು ಉದ್ದಕ್ಕೆ ಸೀಳಿಸಿ ತೊಡಿಸಿ, ಗುಂಡಗಿರುವುದರಿಂದ ಹಲ್ಲಿಗೆ ಹಿಡಿತ ಸಿಗುವುದಿಲ್ಲ. ನೋಡಲು ಚೆನ್ನಾಗಿರುವುದಿಲ್ಲ, ನಿಜ. ಸೆಲ್ ಸಿಕ್ಕಿತಾ ಇಲ್ವಾ ಇಲ್ಲಿ ಹಾಕಿ.